ಆಶ್ರಯ ಪಡೆದವರು ನಿರಾಶ್ರಿತರೇ? ‘ರೆಫ್ಯೂಜಿ’ ಎಂಬ ಪದದ ಚರಿತ್ರೆ

ನಮ್ಮ ತಾಲೂಕಿನ ಬಗ್ಗೆ ಒಂದು ಪುಟ ಬರೆಯಿರಿ ಎಂದರೆ ಹೈಸ್ಕೂಲಿನ ಮಕ್ಕಳು ಸಾಮಾನ್ಯವಾಗಿ ಬರೆಯುವ ವಾಕ್ಯವೊಂದಿದೆ: ‘ಮುಂಡಗೋಡದಲ್ಲಿ ಟಿಬೆಟಿಯನ್ ನಿರಾಶ್ರಿತರಿದ್ದಾರೆ.’ ಇಂಗ್ಲಿಷ್ ಪ್ರಬಂಧದಲ್ಲಿ ‘ನಿರಾಶ್ರಿತ’ ಇದ್ದ ಜಾಗಕ್ಕೆ ‘ರೆಫ್ಯೂಜಿ’ ಬರುತ್ತದೆ. ಎರಡೂ ಒಂದೇ ಎಂದು ನಾವೆಲ್ಲ ತಿಳಿದಿದ್ದೇವೆ. ನಿಘಂಟುಗಳೂ ಹಾಗೆಯೇ ಹೇಳುತ್ತವೆ. ಆದರೆ ಈ ಎರಡು ಪದಗಳನ್ನು ಬಿಡಿಸಿ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ‘ರೆಫ್ಯೂಜಿ’ ಎಂದರೆ ಆಶ್ರಯ ಹುಡುಕಿಕೊಂಡು ಬಂದು ಪಡೆದವನು. ‘ನಿರಾಶ್ರಿತ’ ಎಂದರೆ ಆಶ್ರಯವೇ ಇಲ್ಲದವನು. ಒಂದು ಇನ್ನೊಂದರ ವಿರುದ್ಧ ಪದವಾಗಬೇಕಿತ್ತು. ನಮ್ಮಲ್ಲಿ ಅನುವಾದವಾಗಿ ಕುಳಿತಿದೆ.

ಇದು ಬರೀ ವ್ಯಾಕರಣದ ಮಾತಲ್ಲ. ಈ ಪದ ನಮ್ಮ ಪಕ್ಕದಲ್ಲೇ ಬದುಕುತ್ತಿರುವ ಸಾವಿರಾರು ಜನರ ಮೇಲೆ ಅಂಟಿಕೊಂಡಿದೆ. ನಮ್ಮ ಶಾಲೆಗೆ ಈಗ ಐವತ್ತು ತುಂಬಿದೆ. ಇದನ್ನು ಯಾರೂ ಹೊಸ ಶಾಲೆ ಎನ್ನುವುದಿಲ್ಲ. ಟಿಬೆಟಿಯನ್ ಕಾಲೋನಿಗೆ ನಮ್ಮ ಶಾಲೆಗಿಂತ ಹೆಚ್ಚು ವಯಸ್ಸಾಗಿದೆ. ಆದರೂ ಅಲ್ಲಿಯವರನ್ನು ನಿನ್ನೆ ಸಂಜೆ ಬಂದಿಳಿದವರಂತೆ ಕರೆಯುತ್ತಿದ್ದೇವೆ. ಆದ್ದರಿಂದ ಈ ಪದ ಎಲ್ಲಿ ಹುಟ್ಟಿತು, ಹೇಗೆ ಮುಂಡಗೋಡದವರೆಗೆ ಬಂತು, ಇದನ್ನು ಯಾವಾಗ ಬಳಸಬೇಕು, ಯಾವಾಗ ಬಿಡಬೇಕು ಎಂಬುದನ್ನು ಈ ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಪದ ಹುಟ್ಟಿದ ಬಗೆ

ಲ್ಯಾಟಿನ್ ಭಾಷೆಯಲ್ಲಿ ‘ಫುಗೆರೆ’ ಎಂದರೆ ಓಡು, ಪಲಾಯನ ಮಾಡು. ಅದಕ್ಕೆ ‘ರೆ’ ಎಂಬ ಉಪಸರ್ಗ ಸೇರಿ ‘ರೆಫುಗಿಯಂ’ ಆಯಿತು. ಓಡಿ ಹೋಗಿ ಸೇರಿಕೊಳ್ಳುವ ಸುರಕ್ಷಿತ ಜಾಗ ಎಂದು ಅದರ ಅರ್ಥ. ಇಂಗ್ಲಿಷಿನ ‘ರೆಫ್ಯೂಜ್’ ಇದರಿಂದಲೇ ಬಂತು. ತಲೆಮರೆಸಿಕೊಂಡವನು ಎಂಬರ್ಥದ ‘ಫ್ಯುಜಿಟಿವ್’ ಕೂಡ ಇದೇ ಮೂಲದ್ದು. ಆದರೆ ಈ ಅಕ್ಕತಂಗಿ ಪದಗಳ ನೋಟ ಬೇರೆ ಬೇರೆ. ಫ್ಯುಜಿಟಿವ್ ಎಂದಾಗ ಕಾಣುವುದು ಓಡುವ ಕಾಲು. ರೆಫ್ಯೂಜಿ ಎಂದಾಗ ಕಾಣುವುದು ತಲುಪಿದ ಮನೆ.

ಇಂಗ್ಲಿಷರ ಬಾಯಿಗೆ ಈ ಪದ ಬಂದದ್ದು ಫ್ರಾನ್ಸಿನ ಒಂದು ಘಟನೆಯಿಂದ. ಅಲ್ಲಿನ ದೊರೆ ನಾಲ್ಕನೆಯ ಹೆನ್ರಿ 1598ರಲ್ಲಿ ನಾಂಟ್ ಎಂಬಲ್ಲಿ ಹೊರಡಿಸಿದ ಶಾಸನದಿಂದ ಹ್ಯೂಗೆನಾಟ್ ಎಂಬ ಪ್ರೊಟೆಸ್ಟೆಂಟ್ ಪಂಗಡದವರಿಗೆ ತಮ್ಮ ಮತಾಚರಣೆಯ ಹಕ್ಕು ಸಿಕ್ಕಿತ್ತು. 1685ರಲ್ಲಿ ಹದಿನಾಲ್ಕನೆಯ ಲೂಯಿ ಆ ಶಾಸನವನ್ನು ರದ್ದುಪಡಿಸಿದನು. ಹ್ಯೂಗೆನಾಟರು ಗಡಿ ದಾಟಿ ಹಾಲೆಂಡ್, ಜರ್ಮನಿ, ಇಂಗ್ಲೆಂಡುಗಳಿಗೆ ಹೋದರು. ಫ್ರೆಂಚಿನಲ್ಲಿ ಅವರಿಗೆ ‘ರೆಫ್ಯೂಜಿಯೆ’ ಎಂದು ಹೆಸರಾಯಿತು. ಇಂಗ್ಲಿಷಿನಲ್ಲಿ ಅದೇ ‘ರೆಫ್ಯೂಜಿ’. ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ನೆಲೆಸಿದ ಹ್ಯೂಗೆನಾಟ್ ನೇಕಾರರು ಅಲ್ಲಿಯ ರೇಷ್ಮೆ ನೇಯ್ಗೆಗೆ ದೊಡ್ಡ ಹೆಸರು ತಂದರು. ಕೆಲವು ತಲೆಮಾರು ಕಳೆಯುವುದರಲ್ಲಿ ಅವರ ಮಕ್ಕಳು ಮೊಮ್ಮಕ್ಕಳು ಇಂಗ್ಲಿಷರೇ ಆದರು. ಅವರ ಜೊತೆಯಲ್ಲಿ ಬಂದ ಪದ ಅವರನ್ನು ಬಿಟ್ಟು ಬೇರೆಯವರ ಹೆಗಲೇರಿತು. ಇದನ್ನು ನೆನಪಿಟ್ಟುಕೊಳ್ಳಬೇಕು: ಹುಟ್ಟಿನಿಂದ ಈ ಪದ ಜಾತಿಸೂಚಕವಲ್ಲ, ವಂಶಸೂಚಕವೂ ಅಲ್ಲ. ಅದು ಒಂದು ಘಟನೆಯನ್ನು ಹೇಳುವ ಪದ.

ಕಾನೂನಿನ ಮಾತಾದದ್ದು

ಇಪ್ಪತ್ತನೆಯ ಶತಮಾನದ ಮಹಾಯುದ್ಧಗಳು ಈ ಪದವನ್ನು ಕಚೇರಿಯ ಕಾಗದಕ್ಕೆ ತಂದವು. 1921ರಲ್ಲಿ ರಾಷ್ಟ್ರಸಂಘವು ನಾರ್ವೆಯ ಹಿಮಪ್ರದೇಶ ಅನ್ವೇಷಕ ಫ್ರಿಡ್ಯೋಫ್ ನಾನ್ಸೆನ್ ಅವರನ್ನು ರೆಫ್ಯೂಜಿಗಳ ವ್ಯವಹಾರ ನೋಡಿಕೊಳ್ಳಲು ನೇಮಿಸಿತು. ಯಾವ ದೇಶದ ಪಾಸ್‌ಪೋರ್ಟೂ ಇಲ್ಲದವರಿಗಾಗಿ 1922ರಿಂದ ಅವರ ಹೆಸರಿನಲ್ಲೇ ಒಂದು ಪ್ರಯಾಣಪತ್ರ ಬಂತು. ಎರಡನೆಯ ಮಹಾಯುದ್ಧದ ನಂತರ, 1951ರ ಜುಲೈ 28ರಂದು, ಜಿನೀವಾದಲ್ಲಿ ಒಂದು ಅಂತರರಾಷ್ಟ್ರೀಯ ಒಡಂಬಡಿಕೆ ಅಂಗೀಕಾರವಾಯಿತು. ಜನಾಂಗ, ಧರ್ಮ, ರಾಷ್ಟ್ರೀಯತೆ, ಒಂದು ಸಾಮಾಜಿಕ ಗುಂಪಿಗೆ ಸೇರಿರುವುದು ಅಥವಾ ರಾಜಕೀಯ ಅಭಿಪ್ರಾಯ, ಈ ಐದರಲ್ಲಿ ಯಾವುದಾದರೊಂದು ಕಾರಣಕ್ಕೆ ಹಿಂಸೆಗೆ ಗುರಿಯಾಗುವ ಸಕಾರಣ ಭಯದಿಂದ ಸ್ವದೇಶದ ಹೊರಗಿರುವವನು ರೆಫ್ಯೂಜಿ ಎಂದು ಅದು ನಿರ್ಣಯಿಸಿತು. 1951ರ ಜನವರಿ 1ಕ್ಕಿಂತ ಹಿಂದಿನ ಘಟನೆಗಳಿಗಷ್ಟೇ ಅದು ಅನ್ವಯಿಸುತ್ತಿತ್ತು. 1967ರ ಪೂರಕ ಒಪ್ಪಂದ ಆ ಮಿತಿಯನ್ನು ತೆಗೆಯಿತು.

ಎರಡು ಅಂಶಗಳು ಇಲ್ಲಿ ಮುಖ್ಯ. ಒಂದು, ದೇಶದ ಗಡಿ ದಾಟಿರಬೇಕು. ಎರಡು, ಬಡತನವಲ್ಲ, ಭಯ ಕಾರಣವಾಗಿರಬೇಕು. ಭಾರತ ಈ ಒಡಂಬಡಿಕೆಗೆ ಸಹಿ ಹಾಕಿಲ್ಲ. ನಮ್ಮಲ್ಲಿ ರೆಫ್ಯೂಜಿ ಯಾರೆಂದು ನಿರೂಪಿಸುವ ಪ್ರತ್ಯೇಕ ಕಾಯ್ದೆಯೂ ಇಲ್ಲ. ಹೀಗಾಗಿ ಟಿಬೆಟಿಯನ್ನರು ಸರ್ಕಾರದ ಆಡುಮಾತಿನಲ್ಲಿ ರೆಫ್ಯೂಜಿಗಳು, ಕಾಯ್ದೆಯ ಭಾಷೆಯಲ್ಲಿ ವಿದೇಶಿಯರು. ಅವರ ಕೈಯಲ್ಲಿರುವುದು ‘ಆರ್.ಸಿ.’ ಎಂದು ಎಲ್ಲರೂ ಕರೆಯುವ ನೋಂದಣಿ ಪತ್ರ. ಅದನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳುತ್ತಿರಬೇಕು.

ಮುಂಡಗೋಡಕ್ಕೆ ಬಂದ ದಾರಿ

1959ರ ಮಾರ್ಚ್‌ನಲ್ಲಿ ಲ್ಹಾಸಾ ಬಿಟ್ಟ ದಲಾಯಿ ಲಾಮಾ ಅವರು ಆ ತಿಂಗಳ ಕೊನೆಗೆ ಭಾರತದ ಗಡಿ ದಾಟಿದರು. ಅವರ ಹಿಂದೆ ಸಾವಿರಾರು ಜನ ಹಿಮಾಲಯದ ಕಣಿವೆಗಳನ್ನು ದಾಟಿ ಬಂದರು. ಪಂಡಿತ ನೆಹರೂ ಅವರು ರಾಜ್ಯಗಳಿಗೆ ಭೂಮಿ ಕೇಳಿದಾಗ ಅಂದಿನ ಮೈಸೂರು ರಾಜ್ಯ ಮುಂದೆ ಬಂತು. ಬೈಲಕುಪ್ಪೆಯಲ್ಲಿ 1960ರಲ್ಲಿ ಮೊದಲ ನೆಲೆ ಆರಂಭವಾಯಿತು. ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದಾಗ, 1966ರಲ್ಲಿ, ನಮ್ಮ ಮುಂಡಗೋಡದ ಕಾಡುಭೂಮಿಯಲ್ಲಿ ಸುಮಾರು 4,000 ಎಕರೆ ಕೊಟ್ಟು ಇನ್ನೊಂದು ನೆಲೆ ಮಾಡಲಾಯಿತು. ಮುಂದೆ ಹುಣಸೂರು ಮತ್ತು ಕೊಳ್ಳೇಗಾಲದ ಕಡೆಯಲ್ಲೂ ನೆಲೆಗಳಾದವು. ಟಿಬೆಟಿಯನ್ನರ ಪುನರ್ವಸತಿಗೆಂದೇ 1968ರಲ್ಲಿ ‘ಮೈರಾಡ’ ಎಂಬ ಸಂಸ್ಥೆ ಹುಟ್ಟಿತು. ಅದು ಮುಂದೆ ನಮ್ಮ ಹಳ್ಳಿಗಳ ಸ್ವಸಹಾಯ ಸಂಘಗಳಿಗೆ ದಾರಿ ತೋರಿಸಿದ ಸಂಸ್ಥೆಗಳಲ್ಲೊಂದಾಯಿತು.

ಲ್ಹಾಸಾದ ಹತ್ತಿರ 1409ರಲ್ಲಿ ಸ್ಥಾಪನೆಯಾದ ಗಾಂದೆನ್ ಮತ್ತು 1416ರ ದ್ರೆಪುಂಗ್ ವಿದ್ಯಾಮಠಗಳ ಭಿಕ್ಷುಗಳು ಮೊದಲು ಪಶ್ಚಿಮ ಬಂಗಾಳದ ಬಕ್ಸಾ ಕೋಟೆಯಲ್ಲಿದ್ದರು. ಬ್ರಿಟಿಷರು ನಮ್ಮ ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕುತ್ತಿದ್ದ ಸೆರೆಮನೆ ಅದು. ಅಲ್ಲಿನ ಸೆಕೆಗೂ ಕ್ಷಯರೋಗಕ್ಕೂ ಸಿಕ್ಕಿ ಅನೇಕರು ತೀರಿಕೊಂಡರು. ಉಳಿದವರಲ್ಲಿ ಈ ಎರಡು ಮಠದವರು ಮುಂಡಗೋಡಕ್ಕೆ ಬಂದು ಕಾಡು ಕಡಿದು, ಗದ್ದೆ ಮಾಡಿ, ಮಠ ಕಟ್ಟಿದರು. ಇವತ್ತು ಅವು ಜಗತ್ತಿನ ಬೌದ್ಧ ವಿದ್ಯಾಕೇಂದ್ರಗಳಲ್ಲಿ ದೊಡ್ಡವು. ಹಲವು ದೇಶಗಳಿಂದ ಅಲ್ಲಿಗೆ ಓದಲು ಬರುತ್ತಾರೆ. ಮುಂಡಗೋಡ ಎಂಬ ಹೆಸರನ್ನು ಹೊರದೇಶದವರು ಕೇಳಿದ್ದರೆ ಅದಕ್ಕೆ ಬಹುಪಾಲು ಕಾರಣ ಇವರೇ.

ತಮ್ಮ ನೆಲೆಗೆ ಅವರು ಇಟ್ಟುಕೊಂಡ ಹೆಸರು ‘ದೊಗುಲಿಂಗ್’. ಬಯಸಿದ್ದೆಲ್ಲ ಇರುವ ನೆಲ ಎಂದು ಅದರ ಅರ್ಥ. ಹೆಸರಿನಲ್ಲಿ ಎಲ್ಲಿಯೂ ದೈನ್ಯವಿಲ್ಲ. ದೈನ್ಯ ಸೇರಿದ್ದು ನಾವು ಕೊಟ್ಟ ಪದದಲ್ಲಿ.

ಒಂದೇ ಪದ, ನಾಲ್ಕು ಬಗೆಯ ಜನ

ಆಶ್ರಿತ ಎಂದರೆ ಆಶ್ರಯ ಪಡೆದವನು. ಅದಕ್ಕೆ ‘ನಿರ್’ ಸೇರಿದರೆ ಆಶ್ರಯ ತಪ್ಪಿದವನು. ಗಡಿ ದಾಟಿ ಬಂದ ಮೊದಲ ವಾರ ಈ ಮಾತು ನಿಜವೇ ಇರಬಹುದು. ಬಯಲಿನಲ್ಲಿ ಮಲಗಿದವನಿಗೆ ಆಶ್ರಯವಿಲ್ಲ ತಾನೆ? ಆದರೆ ಸರ್ಕಾರ ಭೂಮಿ ಕೊಟ್ಟ ದಿನವೇ ‘ನಿರ್’ ಬಿದ್ದುಹೋಗಬೇಕಿತ್ತು. ಅದು ಬೀಳಲಿಲ್ಲ.

ಈ ಪದಕ್ಕೆ ಕನ್ನಡದಲ್ಲಿ ಇನ್ನೊಂದು ನಂಟೂ ಇದೆ. ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಭಿಕ್ಷುಕರನ್ನು ಇರಿಸುವ ಕೇಂದ್ರಗಳಿಗೆ ನಮ್ಮ ರಾಜ್ಯದಲ್ಲಿ ‘ನಿರಾಶ್ರಿತರ ಪರಿಹಾರ ಕೇಂದ್ರ’ ಎಂದೇ ಹೆಸರು. ಬೇಸಾಯ ಮಾಡಿ, ಅಂಗಡಿ ಇಟ್ಟು, ಚಳಿಗಾಲದಲ್ಲಿ ದೂರದ ಊರುಗಳಿಗೆ ಹೋಗಿ ಸ್ವೆಟರ್ ಮಾರಿ ಸಂಸಾರ ತೂಗಿಸಿದವರಿಗೂ ಬೀದಿಯಲ್ಲಿ ಕೈಚಾಚಿದವರಿಗೂ ನಾವು ಒಂದೇ ಪದ ಬಳಸುತ್ತಿದ್ದೇವೆ.

ನಮ್ಮ ಜಿಲ್ಲೆಯಲ್ಲೇ ಇನ್ನೂ ಒಂದು ಬಳಕೆ ಉಂಟು. ಕಾರವಾರ, ಅಂಕೋಲಾ ಕಡೆ ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟವರನ್ನು ಪತ್ರಿಕೆಗಳು ‘ಸೀಬರ್ಡ್ ನಿರಾಶ್ರಿತರು’ ಎನ್ನುತ್ತವೆ. ಜೋಯಿಡಾದಲ್ಲಿ ಕಾಳಿ ನದಿಗೆ ಸೂಪಾ ಅಣೆಕಟ್ಟು ಕಟ್ಟಿದಾಗ ತಾಲೂಕಿನ ಮುಖ್ಯ ಊರಾಗಿದ್ದ ಸೂಪಾವೇ ನೀರಿನಡಿ ಹೋಯಿತು. ಅಲ್ಲಿಯ ಜನರಿಗೆ ರಾಮನಗರದಲ್ಲಿ ಪುನರ್ವಸತಿ ಮಾಡಲಾಯಿತು. ಇವರು ಯಾವ ದೇಶದ ಗಡಿಯನ್ನೂ ದಾಟಿದವರಲ್ಲ. ತಮ್ಮದೇ ದೇಶದ ವಿದ್ಯುತ್ತಿಗೆ, ರಕ್ಷಣೆಗೆ ತಮ್ಮ ಮನೆ ಕೊಟ್ಟ ನಾಗರಿಕರು. ಇಂಥವರಿಗೆ ಇಂಗ್ಲಿಷಿನಲ್ಲಿ ‘ಡಿಸ್‌ಪ್ಲೇಸ್ಡ್’ ಎನ್ನುತ್ತಾರೆ, ನೆಲೆ ತಪ್ಪಿಸಲ್ಪಟ್ಟವರು ಎಂದು. ಅಲ್ಲಿ ಕ್ರಿಯೆ ಇದೆ. ಆದ್ದರಿಂದ ಕ್ರಿಯೆ ಮಾಡಿದವರು ಯಾರು, ಅವರ ಹೊಣೆ ಏನು ಎಂದು ಕೇಳಲು ಜಾಗವಿದೆ. ‘ನಿರಾಶ್ರಿತ’ ಎಂದಾಗ ಆ ಪ್ರಶ್ನೆ ಮಾಯವಾಗಿ ಕನಿಕರವಷ್ಟೇ ಉಳಿಯುತ್ತದೆ. ಪರಿಹಾರ ಕೇಳುವವನಿಗೆ ಬೇಕಾದದ್ದು ಕನಿಕರವಲ್ಲ, ಹಕ್ಕು.

ದಕ್ಷಿಣದಲ್ಲಿ ಸುಳ್ಯ, ಪುತ್ತೂರುಗಳ ರಬ್ಬರ್ ತೋಟಗಳಿಗೆ ಶ್ರೀಲಂಕಾದಿಂದ ಬಂದ ತಮಿಳು ಕಾರ್ಮಿಕರ ಕಥೆ ಮತ್ತೂ ಬೇರೆ. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದಂತೆ ಭಾರತವೇ ತನ್ನ ಪೌರರೆಂದು ಒಪ್ಪಿ ಕರೆಸಿಕೊಂಡವರು ಅವರು. ಮರಳಿ ಬಂದವರೇ ಹೊರತು ಆಶ್ರಯ ಬೇಡಿ ಬಂದವರಲ್ಲ. ಜನರ ಬಾಯಲ್ಲಿ ಅವರೂ ನಿರಾಶ್ರಿತರೇ.

ಪದದ ಈ ಗೊಂದಲ ನಮ್ಮಲ್ಲಿ ಮಾತ್ರ ಇಲ್ಲ. 2005ರಲ್ಲಿ ಕತ್ರಿನಾ ಚಂಡಮಾರುತಕ್ಕೆ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರ ಮುಳುಗಿದಾಗ ಮನೆ ಕಳೆದುಕೊಂಡವರನ್ನು ಅಲ್ಲಿಯ ಪತ್ರಿಕೆಗಳು ರೆಫ್ಯೂಜಿಗಳೆಂದು ಬರೆದವು. ಅವರಲ್ಲಿ ಹೆಚ್ಚಿನವರು ಕಪ್ಪು ಜನ. ‘ನಾವು ಈ ದೇಶದ ನಾಗರಿಕರು, ಹೊರಗಿನವರಲ್ಲ’ ಎಂದು ಅವರ ಕಡೆಯಿಂದ ಬಲವಾದ ಆಕ್ಷೇಪ ಬಂತು. ಕೆಲವು ಪತ್ರಿಕೆಗಳು ಆ ಪದವನ್ನು ಬಿಟ್ಟುಬಿಟ್ಟವು. ಒಂದು ಪದ ನಾಗರಿಕನನ್ನು ಅವನ ಊರಲ್ಲೇ ಪರಕೀಯನನ್ನಾಗಿ ಮಾಡಬಲ್ಲದು.

ಆಶ್ರಯ ಹುಡುಕಿದ ಪೂರ್ವಿಕರು

ನಮ್ಮ ಜಿಲ್ಲೆಯ ಇತಿಹಾಸವನ್ನು ಸ್ವಲ್ಪ ಹಿಂದಕ್ಕೆ ನೋಡೋಣ. ಪೋರ್ಚುಗೀಸರು ಆಫ್ರಿಕದಿಂದ ಗುಲಾಮರನ್ನಾಗಿ ಗೋವೆಗೆ ತಂದವರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಸಮುದಾಯದ ಪೂರ್ವಿಕರಲ್ಲಿ ಹೀಗೆ ಬಂದವರಿದ್ದಾರೆ. 1560ರಲ್ಲಿ ಗೋವೆಯಲ್ಲಿ ಮತವಿಚಾರಣೆಯ ನ್ಯಾಯಾಲಯ ಸ್ಥಾಪನೆಯಾದ ಮೇಲೆ ದೇವರ ಮೂರ್ತಿಗಳನ್ನು ಹೊತ್ತು ದಕ್ಷಿಣಕ್ಕೆ ಬಂದ ಕೊಂಕಣಿ ಕುಟುಂಬಗಳು ಕರಾವಳಿಯುದ್ದಕ್ಕೂ ನೆಲೆಸಿದವು. 1951ರ ನಿರೂಪಣೆಯನ್ನು ಅಂದಿಗೆ ಅನ್ವಯಿಸಿದರೆ ಇವರೆಲ್ಲ ರೆಫ್ಯೂಜಿಗಳೇ. ಆದರೆ ಇವತ್ತು ಯಾರೂ ಅವರನ್ನು ಹಾಗೆ ಕರೆಯುವುದಿಲ್ಲ, ಕರೆದರೆ ನಗುತ್ತಾರೆ. ಆ ಪದದಿಂದ ಬಿಡುಗಡೆ ಕೊಟ್ಟದ್ದು ಕಾಲ, ಮತ್ತು ಅಕ್ಕಪಕ್ಕದ ಬದುಕು. ಆರು ದಶಕ ಅಷ್ಟಕ್ಕೆ ಸಾಲದೇ ಎಂಬುದು ಕೇಳಬೇಕಾದ ಪ್ರಶ್ನೆ.

ಅವರು ಏನೆಂದುಕೊಳ್ಳುತ್ತಾರೆ?

ಹಾಗಾದರೆ ‘ರೆಫ್ಯೂಜಿ’ ಪದವನ್ನು ಪೂರ್ತಿ ಬಿಟ್ಟುಬಿಡೋಣವೇ? ಅಷ್ಟು ಸುಲಭವಲ್ಲ. ಇಲ್ಲಿ ಎರಡು ಬಗೆಯ ಮನಸ್ಸುಗಳಿವೆ.

ಜರ್ಮನಿಯಿಂದ ತಪ್ಪಿಸಿಕೊಂಡು ಕೊನೆಗೆ ಅಮೆರಿಕ ಸೇರಿದ ಯಹೂದಿ ಚಿಂತಕಿ ಹನ್ನಾ ಅರೆಂಟ್ 1943ರಲ್ಲಿ ಈ ಪದದ ಬಗ್ಗೆಯೇ ಒಂದು ಲೇಖನ ಬರೆದರು. ತಮ್ಮಂಥವರಿಗೆ ಹಾಗೆ ಕರೆಸಿಕೊಳ್ಳುವುದು ಇಷ್ಟವಿಲ್ಲ, ಹೊಸದಾಗಿ ಬಂದವರು ಎನ್ನಿಸಿಕೊಳ್ಳಲು ಬಯಸುತ್ತೇವೆ ಎಂಬುದು ಅವರ ಮಾತಿನ ಸಾರ. ದೇಶ ವಿಭಜನೆಯ ನಂತರ ದಿಲ್ಲಿಗೆ ಬಂದ ಪಂಜಾಬಿಗಳಿಗೂ ಹಿಂದಿಯ ‘ಶರಣಾರ್ಥಿ’ ಹಿಡಿಸಲಿಲ್ಲ. ನಾವು ಬೇಡುವವರಲ್ಲ, ದುಡಿಯುವವರು ಎಂದು ‘ಪುರುಷಾರ್ಥಿ’ ಎಂಬ ಪದವನ್ನು ಮುಂದಿಟ್ಟರು. ಪೂರ್ವ ಬಂಗಾಳದಿಂದ ಬಂದವರಿಗೆ ಬಂಗಾಳಿಯಲ್ಲಿ ‘ಉದ್ವಾಸ್ತು’ ಎಂಬ ಪದವಿದೆ. ಮನೆಯ ನಿವೇಶನದಿಂದಲೇ ಕಿತ್ತು ಬಂದವರು ಎಂದು. ಒಂದೊಂದು ಭಾಷೆಯೂ ಒಂದೊಂದು ಕಡೆಯಿಂದ ಅದೇ ನೋವನ್ನು ನೋಡಿದೆ.

ಟಿಬೆಟಿಯನ್ನರಲ್ಲಿ ಅನೇಕರು ಮಾತ್ರ ಈ ಪದವನ್ನು ಬಿಟ್ಟುಕೊಡಲು ಒಪ್ಪುವುದಿಲ್ಲ. ಅದಕ್ಕೆ ಕಾರಣವುಂಟು. ರೆಫ್ಯೂಜಿ ಎಂಬ ಪದದೊಳಗೆ ಒಂದು ಸಾಕ್ಷ್ಯವಿದೆ: ನಾವು ಇಷ್ಟಪಟ್ಟು ಬಂದವರಲ್ಲ, ಹಿಂದಿರುಗುವ ಆಸೆ ಬಿಟ್ಟವರೂ ಅಲ್ಲ ಎಂಬುದು. ನಾವು ಸೌಜನ್ಯಕ್ಕೆಂದು ಅವರನ್ನು ಬರೀ ‘ವಲಸಿಗರು’ ಎಂದರೆ ಆ ಸಾಕ್ಷ್ಯವನ್ನೇ ಅಳಿಸಿದಂತಾಗುತ್ತದೆ. ಕೂಲಿಗೋ ವ್ಯಾಪಾರಕ್ಕೋ ಬಂದವರ ಸಾಲಿಗೆ ಅವರನ್ನು ಸೇರಿಸಿದಂತಾಗುತ್ತದೆ. ಅವರ ಭಾಷೆಯಲ್ಲಿ ದೇಶಾಂತರಿಗೆ ‘ತ್ಸೆನ್‌ಜೊಲ್’ ಎಂಬ ಪದವಿದೆ, ಆಶ್ರಯ ಬೇಡಿ ಬಂದವನಿಗೆ ‘ಕ್ಯಾಬ್‌ಚೊಲ್’ ಎಂದಿದೆ. ‘ಕ್ಯಾಬ್’ ಎಂದರೆ ಶರಣು. ಬುದ್ಧ, ಧರ್ಮ, ಸಂಘಗಳಿಗೆ ಶರಣು ಹೋಗುತ್ತೇನೆ ಎಂದು ಭಿಕ್ಷುಗಳು ಪ್ರಾರ್ಥನೆಯಲ್ಲಿ ಹೇಳುವ ಪದವೂ ಇದೇ. ಅಲ್ಲಿ ಅವಮಾನದ ಸೋಂಕಿಲ್ಲ.

ನಮಗೂ ಇದು ಅಪರಿಚಿತವಲ್ಲ. ‘ಶರಣು ಶರಣಾರ್ಥಿ’ ಎಂದು ಕೈಮುಗಿಯುವ ನಾಡು ನಮ್ಮದು. ಹಿಂದಿಯವರು ರೆಫ್ಯೂಜಿಗೆ ಬಳಸುವ ಪದ ನಮ್ಮಲ್ಲಿ ಹಿರಿಯರಿಗೆ ಮಾಡುವ ನಮಸ್ಕಾರ. ಆಶ್ರಯ ಕೇಳುವುದು ಕೀಳಲ್ಲ ಎಂಬ ತಿಳಿವಳಿಕೆ ಕನ್ನಡದ ಒಳಗೇ ಇದೆ. ‘ನಿರಾಶ್ರಿತ’ ಪದ ಅದನ್ನು ಮರೆಸಿದೆ, ಅಷ್ಟೆ.

ಇನ್ನು ಹೊಸ ತಲೆಮಾರಿನ ವಿಚಾರ. ನಮ್ಮ ಪೌರತ್ವ ಕಾಯ್ದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು. ಇದು ಟಿಬೆಟಿಯನ್ನರಿಗೂ ಅನ್ವಯಿಸುತ್ತದೆ ಎಂದು 2010ರಲ್ಲಿ ದಿಲ್ಲಿ ಉಚ್ಚ ನ್ಯಾಯಾಲಯವೂ 2013ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವೂ ಎತ್ತಿಹಿಡಿದವು. 2014ರಲ್ಲಿ ಚುನಾವಣಾ ಆಯೋಗ ಅಂಥವರನ್ನು ಮತದಾರರ ಪಟ್ಟಿಗೆ ಸೇರಿಸಲು ಸೂಚಿಸಿತು. ಕೆಲವರು ಸೇರಿದರು, ಅನೇಕರು ಬೇಡವೆಂದರು. ಯಾವುದನ್ನು ಆರಿಸಬೇಕೆಂಬುದು ಅವರವರ ಮನಸ್ಸಿಗೆ ಬಿಟ್ಟದ್ದು. ಆದರೆ ಮುಂಡಗೋಡದಲ್ಲೇ ಹುಟ್ಟಿ, ಮುಂಡಗೋಡದ ಪೇಟೆಯಲ್ಲಿ ಕನ್ನಡದಲ್ಲಿ ಚೌಕಾಶಿ ಮಾಡುವವನನ್ನು ಅವನನ್ನು ಕೇಳದೆಯೇ ‘ರೆಫ್ಯೂಜಿ’ ಎಂದು ಕರೆಯುವ ಅಧಿಕಾರ ನಮಗಿಲ್ಲ.

ಬಳಸುವಾಗ ನೆನಪಿಡಬೇಕಾದದ್ದು

ವಿದ್ಯಾರ್ಥಿ ಮಿತ್ರರಿಗೆ ಕೆಲವು ಸಲಹೆಗಳು.

ಮೊದಲನೆಯದು, ಪದವನ್ನು ಘಟನೆಗೆ ಬಳಸಿ, ಮನುಷ್ಯನಿಗೆ ಹೆಸರಾಗಿ ಬಳಸಬೇಡಿ. ‘1959ರ ನಂತರ ಆಶ್ರಯ ಅರಸಿ ಬಂದ ಟಿಬೆಟಿಯನ್ನರು’ ಎಂದರೆ ಇತಿಹಾಸ ಹೇಳಿದಂತೆ. ‘ಆ ರೆಫ್ಯೂಜಿ ಅಂಗಡಿಯವನು’ ಎಂದರೆ ಒಬ್ಬ ವ್ಯಾಪಾರಿಯನ್ನು ಅವನ ಅಜ್ಜನ ಕಷ್ಟಕ್ಕೆ ಕಟ್ಟಿಹಾಕಿದಂತೆ.

ಎರಡನೆಯದು, ಒಬ್ಬೊಬ್ಬರಿಗೂ ಸರಿಯಾದ ಪದ ಹುಡುಕಿ. ಅಣೆಕಟ್ಟಿನಿಂದ, ನೌಕಾನೆಲೆಯಿಂದ ಮನೆ ಬಿಟ್ಟವರು ನಿರ್ವಸಿತರು ಅಥವಾ ಯೋಜನೆಗೆ ಭೂಮಿ ಕೊಟ್ಟವರು. ನೆರೆಯಿಂದ ಮನೆ ಕಳೆದುಕೊಂಡವರು ನೆರೆ ಸಂತ್ರಸ್ತರು. ಹಾಗೆಯೇ ಕೆಂಪು ವಸ್ತ್ರ ಉಟ್ಟವರೆಲ್ಲ ‘ಲಾಮಾ’ಗಳಲ್ಲ. ಲಾಮಾ ಎಂದರೆ ಗುರು. ಓದುತ್ತಿರುವ ಹುಡುಗ ಭಿಕ್ಷು ಮಾತ್ರ. ಅಂಗಡಿ, ಹೊಲ ನೋಡಿಕೊಳ್ಳುವ ಸಂಸಾರಸ್ಥರನ್ನಂತೂ ಲಾಮಾ ಎನ್ನುವುದು ತೀರಾ ತಪ್ಪು.

ಮೂರನೆಯದು, ಮಾಸಿದ ಬಟ್ಟೆ, ಚೆಲ್ಲಾಪಿಲ್ಲಿ ಸಾಮಾನು ಕಂಡಾಗ ‘ರೆಫ್ಯೂಜಿಗಳ ಹಾಗೆ’ ಎಂಬ ಹೋಲಿಕೆ ಬೇಡ. ಜೀವ ಉಳಿಸಿಕೊಂಡು ಬಂದವರ ಸಂಕಟ ನಮ್ಮ ತಮಾಷೆಗೆ ಉಪಮೆಯಾಗಬಾರದು.

ನಾಲ್ಕನೆಯದು, ಸಂದೇಹ ಬಂದರೆ ಅವರನ್ನೇ ಕೇಳಿ. ಹೋರಾಟದ ಮಾತು ಬಂದಾಗ ‘ನಾವು ರೆಫ್ಯೂಜಿಗಳು’ ಎಂದು ಹೆಮ್ಮೆಯಿಂದ ಹೇಳುವ ವ್ಯಕ್ತಿಯೇ ಸಂತೆಯಲ್ಲಿ ಬೇರೆಯವರ ಬಾಯಿಂದ ಅದನ್ನು ಕೇಳಿ ಮುಖ ತಿರುಗಿಸಬಹುದು. ಎರಡೂ ನ್ಯಾಯವೇ. ಪದ ಒಂದೇ ಆದರೂ ಆಡಿದವನು ಬೇರೆ.

ಕೊನೆಯದು ಕನ್ನಡಕ್ಕೆ ಸಂಬಂಧಿಸಿದ್ದು. ‘ಆಶ್ರಿತ’ ಎಂಬ ಪದದಲ್ಲಿ ಇನ್ನೊಬ್ಬರ ಹಂಗಿನಲ್ಲಿರುವವನು ಎಂಬ ಛಾಯೆ ಇದೆ, ಅದು ಬೇಡ. ‘ಆಶ್ರಯ ಪಡೆದವರು’ ಎಂಬ ಸರಳ ಮಾತೇ ಸಾಕು. ಅದರಲ್ಲಿ ಬಂದವರ ಕಷ್ಟವೂ ಇದೆ, ಆಶ್ರಯ ಕೊಟ್ಟ ನಾಡಿನ ಹೆಸರೂ ಇದೆ. ನಾವು ‘ನಿರಾಶ್ರಿತರು’ ಎಂದು ಬರೆದಾಗಲೆಲ್ಲ ಅವರ ಶ್ರಮ ಮಾತ್ರವಲ್ಲ, 1966ರಲ್ಲಿ ನಮ್ಮ ಹಿರಿಯರು ಬಿಟ್ಟುಕೊಟ್ಟ ನೆಲವೂ ಲೆಕ್ಕದಿಂದ ಬಿಟ್ಟುಹೋಗುತ್ತದೆ.